ಕೊಕಾಪೂ ಎಂಬ ಪದದ ಮೂಲ

ಕುಂಜತ್ತೂರು
10 ಫೆಬ್ರವರಿ 2025

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಿಗದೆ ಕೆಳಗೆ ಕುಳಿತ ಅಗಣ್ಯರೇ, ಕಾಫಿ ತಿಂಡಿ ಉಂಟೆಂದು ಬಂದು ಭಾಷಣಕ್ಕೆ ಸಿಕ್ಕಿಬಿದ್ದ ಸಹೃದಯರೇ,

ಇಂದಿನ ಗೋಷ್ಠಿಯ ವಿಷಯ: ‘ಕೊಕಾಪೂ ಎಂಬ ಶಬ್ದದ ವ್ಯುತ್ಪತ್ತಿ.’ ಪ್ರಬಂಧ ಮಂಡಿಸುವವರು ಕುಂಜತ್ತೂರಿನ ಹೆದ್ದಾರಿ ಬದಿಯಲ್ಲಿ ಫ್ಲೆಕ್ಸ್, ಆಮಂತ್ರಣ ಪತ್ರಿಕೆ ಮುದ್ರಿಸುವ, ಮದುವೆಗೂ ಉತ್ತರಕ್ರಿಯೆಯ ಬೊಜ್ಜಕ್ಕೂ ಅದೇ ಕೈಯಿಂದ ಪ್ರಾಸ ಹೊಂದಿಸಿ ಕೊಡುವ ಕನ್ನಡ ಬಿ.ಎ. ಶ್ರೀ ಯೋಗೀಶ್. ಸಭಿಕರು ಒಬ್ಬರೇ: ಅವರ ಕಾಲೇಜಿನ ಬೆಂಚಿನ ಗೆಳೆಯ, ಈಗ ಧಾರವಾಡದ ಗ್ರಂಥಾಲಯದಲ್ಲಿ ನಿಘಂಟುಗಳ ದೂಳು ಕುಡಿಯುತ್ತಿರುವ ಅಗಲ್ಪಾಡಿಯ ವಿಷ್ಣುಪ್ರಸಾದ. ಎದ್ದು ಹೋಗಲು ನಿನಗೆ ದಾರಿಯಿಲ್ಲ, ಆದ್ದರಿಂದ ಶುರು ಮಾಡೋಣ.

ವಿಷಯ ಇಷ್ಟು. ನಮ್ಮಲ್ಲಿಗೆ ಒಂದು ನಾಯಿ ಬಂದಿದೆ. ಗೂಡ್ಸ್ ಆಟೋದ ಲತೀಶ ಕಳೆದ ವಾರ ತಂದು ಬಿಟ್ಟದ್ದು. ಮಂಗಳೂರಿನಲ್ಲಿ ಯಾರೋ ಫ್ಲ್ಯಾಟಿನವರು ದುಬೈಗೆ ಹೊರಡುವಾಗ ಅವನ ಕೈಗೆ ಕೊಟ್ಟರಂತೆ. “ಯೋಗೀಶಣ್ಣ, ಇದು ಸಾದಾ ನಾಯಿ ಅಲ್ಲ. ಕೊಕಾಪೂ! ಎರಡು ಜಾತಿ ಕೂಡಿಸಿ ಮಾಡಿದ್ದು” ಎಂದ. ಗುಂಗುರು ಕೂದಲು, ಜೋತ ಕಿವಿ, ಸರ್ಕಾರಿ ನೌಕರಿ ಸಿಕ್ಕಿದವರ ಮುಖದ ಮೇಲಿರುತ್ತದಲ್ಲ, ಅಂಥ ಒಂದು ನೆಮ್ಮದಿ. ನಮ್ಮ ಗೃಹಲಕ್ಷ್ಮಿ ನಮಿತಾಳ ನಾಲಗೆಗೆ ಆ ಹೆಸರು ಒಗ್ಗಲಿಲ್ಲ. “ಎಂತದದು, ಬೇಕರಿ ತಿಂಡಿಯ ಹೆಸರಾ?” ಎಂದು ಕೇಳಿ, ಕುಂಞಪ್ಪು ಎಂದು ಕರೆಯತೊಡಗಿದಳು. ಅದೂ ಅಡುಗೆಮನೆಯ ಕಿಟಕಿಯಿಂದಲೇ. ಅವಳು ನಾಯಿಗಳ ಹತ್ತಿರ ಹೋಗುವವಳಲ್ಲ.

ನನ್ನ ಸಿದ್ಧಾಂತ ಹೀಗಿದೆ. ‘ಪೂ’ ಎಂದರೆ ತುಳುವಿನಲ್ಲಿ ಹೂ, ಮಲಯಾಳದಲ್ಲಿ ಹೂ, ಹಳಗನ್ನಡದಲ್ಲೂ ಹೂ. ‘ಕೊಕಾ’ ಎಂಬುದು ನಿಸ್ಸಂಶಯವಾಗಿ ಕೊಕ್ಕೆ. ಕೊಕ್ಕೆಯ ಹಾಗೆ ಬಾಲ ಸುತ್ತಿಕೊಂಡ ಹೂವೇ ಕೊಕಾಪೂ. ಪ್ರಾಸವೂ ಸಿದ್ಧವಾಗಿದೆ:

ಬೇರೆ ಜಾತಿಯ ತಂದೆ ತಾಯಿ,
ಕುಂಜತ್ತೂರಲಿ ಕಟ್ಟಿದ ನಾಯಿ.

ತಪ್ಪಿದ್ದರೆ ತಿದ್ದು. ಕೊನೆಯಲ್ಲಿ ಒಂದು ಉಪಪ್ರಶ್ನೆ. ಇಂಥ ಹೆಸರಿರುವ ನಾಯಿಗಳಿಗೆ ಸಾಕಿದ ಮನೆಯಲ್ಲಿ ಹುಚ್ಚುನಾಯಿ ರೋಗದ ಇಂಜೆಕ್ಷನ್ ಎಲ್ಲ ಆಗಿರುತ್ತದೆ, ಅಲ್ಲವಾ? ಕೇಳಿದ್ದು ಯಾಕೆಂದರೆ, ಶನಿವಾರ ಅನ್ನ ಹಾಕುವಾಗ ಅದು ನನ್ನ ಬಲಗೈ ಹೆಬ್ಬೆರಳಿನ ಬುಡಕ್ಕೆ ಹಲ್ಲು ತಾಗಿಸಿತು. ಕಚ್ಚಿದ್ದಲ್ಲ, ತಾಗಿಸಿದ್ದು. ಸ್ವಲ್ಪ ರಕ್ತ ಬಂತು. ಇದನ್ನು ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ಒತ್ತಕ್ಷರ ಬಿಟ್ಟುಹೋದರೆ ಮಾಫಿ ಮಾಡು. ಹೆಸರು ನಿಜವಾದರೆ ಮನೆ ನಿಜ, ಮನೆ ನಿಜವಾದರೆ ಇಂಜೆಕ್ಷನ್ ನಿಜ. ಆದ್ದರಿಂದ ವ್ಯುತ್ಪತ್ತಿಯನ್ನು ಸ್ವಲ್ಪ ಬೇಗ ಕಳಿಸು.

ನಿನ್ನ,
ಯೋಗೀಶ್


ಧಾರವಾಡ
11 ಫೆಬ್ರವರಿ 2025

ಪ್ರಬಂಧಕಾರ ಮಹಾಶಯ,

ನಿನ್ನ ಮಿಂಚಂಚೆ ಓದಿ ಒಬ್ಬನೇ ಗಟ್ಟಿಯಾಗಿ ನಕ್ಕೆ. ಎದುರು ಮೇಜಿನಲ್ಲಿ ಪಿಎಚ್.ಡಿ.ಗೆ ಓದುತ್ತಿದ್ದ ಹುಡುಗಿ ‘ನಿಶ್ಶಬ್ದ’ ಎಂಬ ಬೋರ್ಡನ್ನೂ ನನ್ನನ್ನೂ ನೋಡಿದಳು. ಆ ಬೋರ್ಡು ಹಾಕಿಸಿದವನು ನಾನೇ.

ನಿನ್ನ ಕೊಕ್ಕೆ-ಹೂವಿನ ಸಿದ್ಧಾಂತವನ್ನು ಸಭೆ ತಿರಸ್ಕರಿಸಿದೆ. ಕೊಕಾಪೂ ಎಂಬುದು ಎರಡು ಹೆಸರುಗಳನ್ನು ಕತ್ತರಿಸಿ ಅಂಟಿಸಿದ ಪದ. ಕಾಕರ್ ಸ್ಪಾನಿಯಲ್‌ನ ತಲೆಭಾಗ, ಪೂಡಲ್‌ನ ತಲೆಭಾಗ. ಬಾಲ ಎರಡಕ್ಕೂ ಇಲ್ಲ. ನಮ್ಮ ವ್ಯಾಕರಣದ ಪ್ರಕಾರ ಇದು ಸಂಧಿಯೂ ಅಲ್ಲ, ಸಮಾಸವೂ ಅಲ್ಲ, ಕಸಿ ಎನ್ನಬಹುದು. ಕಾಕರ್ ಬಂದದ್ದು ವುಡ್‌ಕಾಕ್ ಎಂಬ ಹಕ್ಕಿಯಿಂದ. ಪೊದೆಯಲ್ಲಿ ಅಡಗಿದ ಆ ಹಕ್ಕಿಯನ್ನು ಎಬ್ಬಿಸಿ ಬೇಟೆಗಾರನ ಕಣ್ಣಿಗೆ ಬೀಳಿಸುವುದು ಈ ನಾಯಿಯ ಕೆಲಸವಾಗಿತ್ತು. ಸ್ಪಾನಿಯಲ್ ಎಂದರೆ ಸ್ಪೇನಿನದು. ಇನ್ನು ಪೂಡಲ್. ಇದು ಜರ್ಮನ್. ಆ ಭಾಷೆಯಲ್ಲಿ ‘ಪುಡೆಲ್ನ್’ ಎಂದರೆ ನೀರಿನಲ್ಲಿ ಪಚಪಚ ಬಡಿದು ಆಡುವುದು. ಕೆರೆಗೆ ಹಾರಿ, ಗುಂಡು ತಗುಲಿದ ಬಾತುಕೋಳಿಯನ್ನು ಕಚ್ಚಿ ತರುತ್ತಿದ್ದ ನಾಯಿಗೆ ಆ ಹೆಸರು ಬಂತು.

ಹಾಗಾಗಿ ನಿನ್ನ ‘ಪೂ’ ಹೂವಲ್ಲ ಮಾರಾಯ, ನೀರು. ಕುಂಞಪ್ಪುವಿನ ಎದುರು ಒಂದು ದೊಡ್ಡ ಬೋಗುಣಿ ನೀರಿಟ್ಟು ನೋಡು, ಹೆಸರಿನ ಅರ್ಥವನ್ನು ಅದೇ ತೋರಿಸಿಕೊಡುತ್ತದೆ.

ಉಪಪ್ರಶ್ನೆಗೆ ಉತ್ತರ: ಅಂಥ ನಾಯಿ ಸಾಕುವವರು ಎಲ್ಲ ಹಾಕಿಸಿರುತ್ತಾರೆ, ಅದಕ್ಕೊಂದು ಪುಸ್ತಕವೂ ಇರುತ್ತದೆ. ಲತೀಶನ ಹತ್ತಿರ ಕೇಳಿ ತೆಗೆದುಕೋ. ನೀನಂತೂ ಶನಿವಾರವೇ ಆಸ್ಪತ್ರೆಗೆ ಹೋಗಿ ಬಂದಿರುತ್ತೀ ಎಂದುಕೊಂಡಿದ್ದೇನೆ. ಕೈ ಬೇಗ ಗುಣವಾಗಲಿ. ನಿನ್ನ ಒತ್ತಕ್ಷರಗಳು ಮೊದಲೂ ಸರಿ ಇರಲಿಲ್ಲ.

ವಿಷ್ಣು


ಕುಂಜತ್ತೂರು
13 ಫೆಬ್ರವರಿ 2025

ವಿಷ್ಣು,

ಬೋಗುಣಿ ಇಟ್ಟೆ.

ನಾಯಿ ಎದ್ದು ಬಂತು. ಬಾಯಾರಿಕೆ ಆಗಿದೆ ಎಂದು ನೋಡಿದರೇ ಗೊತ್ತಾಗುತ್ತಿತ್ತು. ತಲೆ ತಗ್ಗಿಸಿ ನಾಲಗೆ ತಾಗಿಸಿತು. ನುಂಗಲು ಆಗಲಿಲ್ಲ. ಗಂಟಲಿಗೆ ಯಾರೋ ಕೈ ಹಾಕಿದ ಹಾಗೆ ಕತ್ತು ಸೆಟೆದು ಹಿಂದಕ್ಕೆ ಸರಿದು, ನೀರನ್ನೇ ನೋಡುತ್ತ ನಿಂತಿತು. ಬಾಯಿಯಿಂದ ಜೊಲ್ಲು ಇಳಿಯುತ್ತಿದೆ, ಅಂಗಡಿಯ ಗೋಂದಿನ ಹಾಗೆ, ತುಂಡಾಗದೆ. ನಿನ್ನೆಯಿಂದ ದನಿ ಬೇರೆಯಾಗಿದೆ. ಬೊಗಳಲು ಹೊರಟದ್ದು ಅರ್ಧದಲ್ಲಿ ಊಳಾಗುತ್ತದೆ. ಬೆಳಕು ಬಿದ್ದರೆ ಫ್ಲೆಕ್ಸ್ ಸುರುಳಿಗಳ ಹಿಂದೆ ಹೋಗಿ ಅಡಗುತ್ತದೆ. ಕಬ್ಬಿಣದ ಫ್ರೇಮು ಕಚ್ಚಿ ಒಂದು ಹಲ್ಲು ಮುರಿದುಕೊಂಡಿದೆ. ಈಗ ಅಂಗಡಿ ಹಿಂದಿನ ಹಳೆಯ ಮೆಷಿನ್ ಕೋಣೆಯಲ್ಲಿ ಹಾಕಿ ಚಿಲಕ ಹಾಕಿದ್ದೇನೆ. ನಮಿತಾಳಿಗೆ ‘ಹೊಟ್ಟೆ ಕೆಟ್ಟಿದೆ’ ಎಂದಿದ್ದೇನೆ.

ಲತೀಶನನ್ನು ಹಿಡಿದೆ. ಆಟೋದ ಕನ್ನಡಿ ಒರೆಸುತ್ತಿದ್ದ.

“ಲತೀಶಾ, ಆ ಮಂಗಳೂರಿನವರ ನಂಬರ್ ಕೊಡು. ನಾಯಿಯ ಇಂಜೆಕ್ಷನ್ ಪುಸ್ತಕ ಬೇಕಿತ್ತು.”

“ಪುಸ್ತಕ ಎಂತಕ್ಕೆ ಅಣ್ಣ? ಮಾರ್ಲಿಕ್ಕೆ ಉಂಟಾ?”

“ಮಾರ್ಲಿಕ್ಕಲ್ಲ. ಸುಮ್ಮನೆ, ನೋಡ್ಲಿಕ್ಕೆ.”

ಅವನು ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದ. “ಬೈಬೇಡಿ ಯೋಗೀಶಣ್ಣ. ಮಂಗಳೂರಿನವರು ಅಂತ ಯಾರೂ ಇಲ್ಲ. ಅದು ತಲಪಾಡಿಯಲ್ಲಿ ಗೋಳಿಬಜೆ ಅಂಗಡಿ ಹಿಂದೆ ಬಿದ್ಕೊಂಡಿತ್ತು. ಕೂದಲು ಚಂದ ಕಂಡಿತು. ಮೊಬೈಲಲ್ಲಿ ಫೋಟೋ ಹೊಡೆದು ಹುಡುಕಿದೆ, ಕೊಕಾಪೂ ಅಂತ ತೋರ್ಸಿತು. ನಿಮಗೆ ದೊಡ್ಡ ಹೆಸರು ಹೇಳಿದ್ರೆ ಮಾತ್ರ ಇಟ್ಕೊಳ್ತೀರಿ ಅಂತ ಗೊತ್ತಿತ್ತು.”

“ಹಾಗಾದ್ರೆ ಹೆಸರು ಸುಳ್ಳಾ?”

“ಹೆಸರು ಸುಳ್ಳಲ್ಲ ಅಣ್ಣ, ಮೊಬೈಲಲ್ಲೇ ಉಂಟು. ನಾಯಿ ಮಾತ್ರ...”

ಆದ್ದರಿಂದ ನಿನ್ನ ಟಿಪ್ಪಣಿಗೆ ಒಂದು ತಿದ್ದುಪಡಿ. ಪದದ ಮೂಲ ಜರ್ಮನಿಯಲ್ಲ, ಸ್ಪೇನೂ ಅಲ್ಲ. ಗೋಳಿಬಜೆ ಅಂಗಡಿಯ ಹಿಂಬದಿ.

ನಾನು ಆಸ್ಪತ್ರೆಗೆ ಹೋಗಿ ಬಂದಿರುತ್ತೇನೆಂದು ಬರೆದಿದ್ದೀ. ಹೋಗಿಲ್ಲ. ಹೋಗುತ್ತೇನೆ. ಅರ್ಜೆಂಟಿನ ಒಂದು ಮದುವೆ ಕಾಗದ ಉಂಟು, ಅದೊಂದು ಮುಗಿಯಲಿ. ಗಾಯದ ಸುತ್ತ ಚುರುಚುರು ಎನ್ನುತ್ತದೆ. ಅದು ಗಾಯ ಮಾಯುವ ಲಕ್ಷಣ ತಾನೇ? ಎಲ್ಲಾದರೂ ಹಾಗೆ ಬರೆದಿದ್ದರೆ ಹುಡುಕಿ ಹೇಳು.

ಯೋಗೀಶ್


ಧಾರವಾಡ
13 ಫೆಬ್ರವರಿ 2025

ಯೋಗೀಶ,

ಹುಡುಕುವುದಿಲ್ಲ. ಎಲ್ಲಿ ಕುಳಿತು ಇದನ್ನು ಓದುತ್ತಿದ್ದೀಯೋ ಅಲ್ಲಿಂದಲೇ ಎದ್ದು ಆಸ್ಪತ್ರೆಗೆ ಹೋಗು. ಮದುವೆ ಕಾಗದ ತಡವಾದರೆ ಮದುವೆ ನಿಲ್ಲುವುದಿಲ್ಲ.

ಇಲ್ಲಿ ಪರಿಚಯದ ಡಾಕ್ಟರರಿಗೆ ಫೋನ್ ಮಾಡಿ ನಿನ್ನ ಕಾಗದವನ್ನು ಓದಿ ಹೇಳಿದೆ. ನೀರಿನ ಭಾಗಕ್ಕೆ ಬರುವಾಗಲೇ ಅವರು ತಡೆದರು. “ಕಚ್ಚಿಸಿಕೊಂಡವರು ಇನ್ನೂ ಮನೆಯಲ್ಲೇ ಇದ್ದಾರೇನ್ರೀ?” ಎಂದು ಕೇಳಿದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಗಾಯವನ್ನು ಸಾಬೂನು ಹಾಕಿ, ನಲ್ಲಿ ಬಿಟ್ಟು, ತುಂಬ ಹೊತ್ತು ತೊಳೆಯಬೇಕು. ರಕ್ತ ಬಂದಿರುವುದರಿಂದ ತೋಳಿಗೆ ಹಾಕುವ ಇಂಜೆಕ್ಷನ್ ಮಾತ್ರವಲ್ಲ, ಗಾಯದ ಸುತ್ತಲೂ ಒಂದು ಮದ್ದು ಚುಚ್ಚಬೇಕು. ತಡವಾಗಿದೆ, ಆದರೂ ಈಗಲೂ ಆಗುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಮಾತ್ರ ಯಾವುದೂ ಆಗುವುದಿಲ್ಲ.

ನೀರಿಟ್ಟು ನೋಡು ಎಂದು ತಮಾಷೆಗೆ ಬರೆದಿದ್ದೆ. ಅದನ್ನು ಈಗ ನನಗೇ ಓದಲಾಗುತ್ತಿಲ್ಲ.

ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತುತ್ತಿಲ್ಲ. ನಾಳೆಯೊಳಗೆ ನಿನ್ನಿಂದ ಸುದ್ದಿ ಬರದಿದ್ದರೆ ನಮಿತಾಳಿಗೆ ಮಾಡುತ್ತೇನೆ.

ವಿಷ್ಣು


ಕುಂಜತ್ತೂರು
14 ಫೆಬ್ರವರಿ 2025

ವಿಷ್ಣು,

ನಮಿತಾಳಿಗೆ ಫೋನ್ ಮಾಡಬೇಡ. ಹಾಕಿಸಿಕೊಂಡು ಬಂದೆ.

ತೋಳಿಗೆ ಸೂಜಿ,
ಜೀವಕೆ ರಾಜಿ.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಸರ್ಕಾರಿ ಆಸ್ಪತ್ರೆಗೆ ಹೋದೆ. ಸಿಸ್ಟರ್ ಒಳ್ಳೆಯವರು. ನೋವು ಇರುವೆ ಕಚ್ಚಿದಷ್ಟೇ. ಸಾಬೂನು ಹಾಕಿ ತೊಳೆದದ್ದೂ ಆಯಿತು. ನಿನ್ನ ಡಾಕ್ಟರರಿಗೆ ನನ್ನ ನಮಸ್ಕಾರ ತಿಳಿಸು, ಅವರ ಮನೆಯಲ್ಲಿ ಶುಭಕಾರ್ಯ ಇದ್ದರೆ ಕಾಗದಕ್ಕೆ ರಿಯಾಯಿತಿ ಉಂಟು.

ನಮಿತಾಳಿಗೆ ಯಾಕೆ ಬೇಡ ಎಂದರೆ, ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅವಳಿಗೆ ಕುಶಲ್ ಎಂಬ ಅಣ್ಣ ಇದ್ದ. ಶಾಲೆಯಿಂದ ಬರುವಾಗ ಅವನಿಗೆ ನಾಯಿ ಕಚ್ಚಿತು. ಮನೆಯಲ್ಲಿ ಹೇಳಿದರೆ ಪೆಟ್ಟು ಬೀಳುತ್ತದೆಂದು ಹೇಳಲಿಲ್ಲ. ಗಾಯ ಮಾಯಿತು, ಎಲ್ಲರೂ ಮರೆತರು. ಎಷ್ಟೋ ಸಮಯದ ಮೇಲೆ ಒಂದು ದಿನ ಬಾಯಾರಿಕೆ ಎಂದನಂತೆ. ಲೋಟದಲ್ಲಿ ನೀರು ತಂದವಳು ಇವಳು. ಲೋಟ ನೋಡಿದ್ದೇ ಅವನು ಗೋಡೆಗೆ ಆತುಕೊಂಡು ಕಿರುಚಿದ. ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳು ಇಷ್ಟು ಹೇಳಿದಳು. ಮುಂದಿನದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ನಾಯಿ ಬೇಡವೇ ಬೇಡ ಎಂದಿದ್ದಳು. “ಇದು ನಾಯಿ ಅಲ್ಲ ಮಾರಾಯ್ತಿ, ಕೊಕಾಪೂ” ಎಂದು ನಾನು ನಗಿಸಿದೆ. ನಕ್ಕಳು. ನಕ್ಕದ್ದನ್ನೇ ಒಪ್ಪಿಗೆ ಎಂದು ತೆಗೆದುಕೊಂಡೆ.

ಈಗ ಕೈಯ ಗಾಯ ಫ್ಲೆಕ್ಸ್ ಕತ್ತರಿಸುವಾಗ ಕಟ್ಟರ್ ತಾಗಿ ಆದದ್ದು ಎಂದು ಅವಳು ತಿಳಿದಿದ್ದಾಳೆ. ಹಾಗೇ ಇರಲಿ. ನಾಯಿ ಇನ್ನೂ ಉಂಟು. ಕೋಣೆಯ ಬಾಗಿಲು ಕೆರೆಯುತ್ತದೆ. ಮಧ್ಯೆ ಮಧ್ಯೆ ನಿಲ್ಲಿಸುತ್ತದೆ, ಆಗ ನನಗೆ ಇನ್ನೂ ಕಷ್ಟ.

ಯೋಗೀಶ್


ಧಾರವಾಡ
16 ಫೆಬ್ರವರಿ 2025

ಪ್ರಿಯ ಯೋಗೀಶ,

ನಿನ್ನ ಎರಡು ಸಾಲು ನೋಡಿ ಉಸಿರು ಬಂತು. ಪ್ರಾಸ ಬಂದಿದೆ ಎಂದರೆ ನೀನು ಸರಿಯಾಗಿದ್ದೀ. ನಿನ್ನ ಹಿಂದಿನ ಕಾಗದದಲ್ಲಿ ಒಂದೂ ಪ್ರಾಸವಿರಲಿಲ್ಲ, ನಾನು ಹೆದರಿದ್ದು ಅದಕ್ಕೇ. ಡಾಕ್ಟರರಿಗೆ ನಿನ್ನ ರಿಯಾಯಿತಿ ತಿಳಿಸಿದೆ. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಬರೆದಿಟ್ಟುಕೊಂಡಿದ್ದಾರೆ.

ಒಂದು ವಿಷಯವನ್ನು ಮುಚ್ಚಿಡಲಾರೆ. ನಿನ್ನ ಕಾಗದ ತೆರೆದು ನೋಡುವ ಮೊದಲೇ, ಶುಕ್ರವಾರ ಸಂಜೆ, ನಮಿತಾಳಿಗೆ ಫೋನ್ ಮಾಡಿಬಿಟ್ಟಿದ್ದೆ. ಕುಶಲನ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಅವಳ ಸ್ವರ ಕೇಳಿದ ಮೇಲೆ ನಾಯಿಯ ಮಾತೆತ್ತಲು ಧೈರ್ಯ ಸಾಲಲಿಲ್ಲ. “ಯೋಗೀಶ ಹೇಗಿದ್ದಾನೆ?” ಎಂದೆ. “ಅವರಿಗೆ ಎಂತ ಆಗುದು? ಬೆಳಿಗ್ಗೆ ಬೇಗ ಹೋಗಿ ಅಂಗಡಿ ತೆಗ್ದಿದ್ದಾರೆ, ಊಟಕ್ಕೂ ಬರಲಿಲ್ಲ. ಕಟ್ಟರ್ ತಾಗಿ ಕೈ ಬೇರೆ ಕೊಯ್ಕೊಂಡಿದ್ದಾರೆ. ಮಾತಾಡುದೇ ಕಮ್ಮಿ. ನಿಮಗೆ ಕಾಗದ ಬರೀತಾರಲ್ಲ, ಅದ್ರಲ್ಲಿ ನಗ್ತಾರಾ?” ಎಂದು ಕೇಳಿದಳು. ನಗುತ್ತಾನೆ ಎಂದೆ. “ಹಾಗಾದ್ರೆ ಸಮ ಇದ್ದಾರೆ” ಎಂದು ಫೋನ್ ಇಟ್ಟಳು.

ನಾವಿಬ್ಬರೂ ಸೇರಿ ಅವಳಿಗೆ ಮೋಸ ಮಾಡಿದಂತೆ ಅನ್ನಿಸಿತು. ಹಾಕಿಸಿಕೊಂಡಿದ್ದೀಯಲ್ಲ, ಈಗ ಧೈರ್ಯವಾಗಿ ನೀನೇ ಹೇಳಿಬಿಡು.

ಮುಂದಿನ ಇಂಜೆಕ್ಷನ್ ಯಾವಾಗ? ಆಸ್ಪತ್ರೆಯಲ್ಲಿ ದಿನಾಂಕ ಬರೆದ ಕಾರ್ಡು ಕೊಟ್ಟಿರುತ್ತಾರೆ ಎಂದು ಡಾಕ್ಟರರು ಹೇಳಿದರು. ಅದರ ಒಂದು ಫೋಟೋ ಕಳಿಸು. ಅನುಮಾನದಿಂದ ಕೇಳುತ್ತಿಲ್ಲ. ಗ್ರಂಥಪಾಲಕನಲ್ಲವೇ, ಯಾವುದಾದರೂ ಕಾರ್ಡು ನೋಡದಿದ್ದರೆ ಸಮಾಧಾನವಿಲ್ಲ.

ವಿಷ್ಣು


ಕುಂಜತ್ತೂರು
17 ಫೆಬ್ರವರಿ 2025

ವಿಷ್ಣು,

ಕಾರ್ಡು ಕೇಳಿದ್ದೀ. ಅದಕ್ಕೂ ಮೊದಲು ಆಸ್ಪತ್ರೆಯ ಕಥೆ ಕೇಳು, ನಿನ್ನ ವೃತ್ತಿಗೆ ಸಂಬಂಧಿಸಿದ್ದು.

ಮಲಯಾಳದಲ್ಲಿ ಏನಾಯಿತು ಎಂದು ಕೇಳಲು ‘ಎಂದ್ ಪಟ್ಟಿ?’ ಎನ್ನುತ್ತಾರೆ. ಅದೇ ಮಲಯಾಳದಲ್ಲಿ ನಾಯಿಗೂ ಪಟ್ಟಿ ಎನ್ನುತ್ತಾರೆ. ಎರಡರ ಟಕಾರ ಬೇರೆ ಬೇರೆ. ಅವರ ಕಿವಿಗೆ ಗೊತ್ತಾಗುತ್ತದೆ. ನನಗೂ ಗೊತ್ತಾಗುತ್ತದೆ, ಹುಟ್ಟಿದಂದಿನಿಂದ ಈ ಗಡಿಯಲ್ಲೇ ಇದ್ದವನು. ಆದರೆ ಆ ದಿನ ಸಾಲಿನಲ್ಲಿ ನಿಂತವನ ತಲೆಯಲ್ಲಿ ನಾಯಿ ಬಿಟ್ಟು ಬೇರೆ ಏನೂ ಇರಲಿಲ್ಲ. ಗೋಡೆಯ ಮೇಲೆ ದೊಡ್ಡದಾಗಿ ಹುಚ್ಚುನಾಯಿ ರೋಗದ ಮಲಯಾಳ ಹೆಸರು ‘ಪೇವಿಷ’ ಎಂದು ಬರೆದು, ಕೆಳಗೆ ಬಾಯಿ ತೆರೆದ ನಾಯಿಯ ಚಿತ್ರ ಹಾಕಿದ್ದರು. ಕನ್ನಡದ ಪೇಪರಿನಲ್ಲಿ ಅಚ್ಚಾಗುವ ರೋಗ ದೂರದ್ದು ಅನ್ನಿಸುತ್ತದೆ. ಇದು ಹತ್ತಿರದಲ್ಲಿತ್ತು.

ನನ್ನ ಸರದಿ ಬಂತು. ಸಿಸ್ಟರ್ ತೆಂಕಣ ಕಡೆಯವರು, ಮಲಯಾಳ ಮಾತಾಡುವವರು. ಚೀಟಿ ತೆಗೆದುಕೊಂಡು ಕೇಳಿದರು, “ಎಂದ್ ಪಟ್ಟಿ?”

ನನ್ನ ಕಿವಿಗೆ ಕೇಳಿದ್ದು ಎಂತ ನಾಯಿ ಎಂದು.

“ಕೊಕಾಪೂ” ಎಂದೆ.

“ಎಂದಾ?”

“ಕೊಕಾಪೂ, ಸಿಸ್ಟರ್. ಅಪ್ಪ ಕಾಕರ್, ಅಮ್ಮ ಪೂಡಲ್. ಹೆಸರಿನ ಮೂಲ ಜರ್ಮನ್. ನೀರಿಗೆ ಸಂಬಂಧಪಟ್ಟದ್ದು.”

ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ನನ್ನ ಬೆನ್ನು ತಟ್ಟಿದರು. “ಅಯ್ಯೋ ಮಗಾ, ಅವರು ಕೇಳಿದ್ದು ನಿನಗೆ ಎಂತ ಆಯ್ತು ಅಂತ. ನಾಯಿಯ ಜಾತಕ ಅಲ್ಲ!”

ಇಡೀ ಸಾಲು ನಕ್ಕಿತು. ಸಿಸ್ಟರ್ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಒಬ್ಬ ಗಂಡಸಿಗಂತೂ ಕೆಮ್ಮೇ ಬಂತು. ನಗು ನಿಂತ ಮೇಲೆ ಸಿಸ್ಟರ್ ತಮಗೆ ಬರುವಷ್ಟು ಕನ್ನಡವನ್ನು ಒಟ್ಟುಮಾಡಿ, ಮೆಲ್ಲಗೆ ಮತ್ತೆ ಕೇಳಿದರು, “ನಿಮಗೆ ಎಂತ ಆಯ್ತು?”

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇನ್ನೊಂದು ತಮಾಷೆ ಬರುತ್ತದೆ ಎಂದು ಕಾಯುತ್ತಿದ್ದರು. ಬಲಗೈಯನ್ನು ನಾನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

“ನನಗೆ ಎಂತ ಆಗ್ಲಿಕ್ಕೆ ಸಿಸ್ಟರ್? ನೆರೆಕರೆಯವರಿಗೆ ಬೇಕಾಗಿ ಕೇಳ್ಲಿಕ್ಕೆ ಬಂದದ್ದು. ಇಂಜೆಕ್ಷನ್ ಇಲ್ಲಿ ಉಂಟಾ ಅಂತ” ಎಂದೆ.

“ಉಂಟು. ಬೇಗ ಬರ್ಲಿಕ್ಕೆ ಹೇಳಿ, ಹಾಂ?” ಎಂದರು. ಹೇಳುತ್ತೇನೆ ಎಂದು ಹೊರಗೆ ಬಂದೆ. ಅಂಗಡಿಗೆ ಹೋಗಿ ಕುಳಿತು ನಿನಗೆ ‘ಸೂಜಿ, ರಾಜಿ’ ಎಂದು ಬರೆದೆ.

ಹಾಕಿಸಿಕೊಂಡಿಲ್ಲ ವಿಷ್ಣು. ಯಾವ ತೋಳಿಗೂ ಇಲ್ಲ. ಕಾರ್ಡು ಇಲ್ಲ.

ನಾಯಿ ಶನಿವಾರ ಸತ್ತಿತು; ನಮಿತಾಳಿಗೆ ಹೊಟ್ಟೆ ಕೆಟ್ಟೇ ಸತ್ತದ್ದು ಎಂದಿದ್ದೇನೆ. ಮೃಗಾಸ್ಪತ್ರೆಯವರು ಅಂಗಡಿಗೇ ಬಂದು ಪರೀಕ್ಷೆಗೆ ಒಯ್ದರು. ಯಾರಿಗಾದರೂ ಕಚ್ಚಿದ್ದು ಉಂಟಾ ಎಂದು ಕೇಳಿದರು. ಇಲ್ಲ ಎಂದೆ. ಇವತ್ತು ಫೋನ್ ಬಂತು. ರೋಗ ಇತ್ತಂತೆ. ಮತ್ತೆ ಕೇಳಿದರು, ಯಾರಿಗೂ ಕಚ್ಚಿಲ್ಲ ತಾನೇ ಎಂದು. ನಮಿತಾ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು. ಇಲ್ಲ ಎಂದೆ.

ಅವಳು ಈಗಷ್ಟೇ ಚಾ ತಂದಿಟ್ಟು ಹೋದಳು. ಗುಟುಕು ಕುಡಿದು ನೋಡಿದೆ, ಇಳಿಯಿತು. ಬೆಳಗಿನಿಂದ ಹೀಗೇ ನೋಡುತ್ತಿದ್ದೇನೆ, ಉಗುಳು ನುಂಗಿ ನುಂಗಿ ಗಂಟಲೇ ನೋಯುತ್ತಿದೆ. ಆ ನೋವು ಯಾವುದರದ್ದು ಎಂದು ಗೊತ್ತಾಗುತ್ತಿಲ್ಲ.

ನನಗೆ ಹೆದರಿಕೆ ಆಗುತ್ತಿದೆ ಮಾರಾಯ. ಮೊದಲ ಕಾಗದ ಬರೆಯುವಾಗಲೂ ಇಷ್ಟೇ ಹೆದರಿಕೆ ಇತ್ತು. ನನಗೆ ಯಾವ ಶಬ್ದದ ಮೂಲವೂ ಬೇಕಿರಲಿಲ್ಲ. ನೀನು ಈಗಲೇ ನಮಿತಾಳಿಗೆ ಫೋನ್ ಮಾಡಿ ಎಲ್ಲ ಹೇಳು. ಅವಳು ನನ್ನ ಕೈ ಹಿಡಿದು ಕರೆದುಕೊಂಡು ಹೋಗಲಿ. ಒಬ್ಬನೇ ಹೋದರೆ ನಾನು ಮತ್ತೆ ಯಾರನ್ನಾದರೂ ನಗಿಸಿ ವಾಪಸು ಬಂದುಬಿಡುತ್ತೇನೆ.

ಯೋಗೀಶ್